ಇಬ್ಬರದ್ದೂ ಸರಿ ಅಂದರೆ...

ಕಳೆದ ಶನಿವಾರ ರಾತ್ರಿ ಟೋನಿ ಕೇಯ್ ನಿರ್ದೇಶಿಸಿದ "ಲೇಕ್ ಆಫ್ ಫೈರ್" ಅನ್ನೋ ಸಾಕ್ಷ್ಯಚಿತ್ರ ನೋಡಿದೆ. 2006ರದ್ದು, ಪೂರ್ತಿ ಕಪ್ಪು ಬಿಳುಪು, ಎರಡೂವರೆ ಗಂಟೆ. ಗರ್ಭಪಾತದ ಬಗ್ಗೆ ಅಮೆರಿಕದಲ್ಲಿ ನಡೆಯುವ ಜಗಳವನ್ನು ಈ ಮನುಷ್ಯ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಚಿತ್ರಿಸಿದ್ದಾನೆ, ಬಹುಪಾಲು ತನ್ನದೇ ದುಡ್ಡಿನಲ್ಲಿ. ನೋಡಲು ಕೂತಾಗ ನನ್ನ ಅಭಿಪ್ರಾಯ ಗಟ್ಟಿಯಾಗಿತ್ತು. ಹೆಣ್ಣಿನ ದೇಹ, ಹೆಣ್ಣಿನ ತೀರ್ಮಾನ, ಅಷ್ಟೇ. ಮುಗಿದ ಮೇಲೆ ನಿದ್ದೆ ಬರಲಿಲ್ಲ.

ಜಗಳದ ಬೇರು ಟೆಕ್ಸಾಸ್‌ನಲ್ಲಿದೆ. 1970ರಲ್ಲಿ ನಾರ್ಮಾ ಮೆಕಾರ್ವಿ ಎಂಬ ಬಡ ಹೆಂಗಸು ಮೂರನೇ ಸಲ ಬಸುರಿ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಗರ್ಭಪಾತ ಅನ್ನುತ್ತಿತ್ತು ಅಲ್ಲಿನ ಕಾನೂನು. "ಜೇನ್ ರೋ" ಎಂಬ ಹೆಸರಿನಲ್ಲಿ ಕೋರ್ಟಿಗೆ ಹೋದಳು. 1973ರ ಜನವರಿ 22ರಂದು ಸುಪ್ರೀಂ ಕೋರ್ಟು 7-2ರಿಂದ ಅವಳ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಮಗು ಹುಟ್ಟಿ, ದತ್ತು ಹೋಗಿ ಎರಡು ವರ್ಷ ದಾಟಿತ್ತು! 1995ರಲ್ಲಿ ನಾರ್ಮಾ ವಿರೋಧಿಗಳ ಗುಂಪು ಸೇರಿದಳು. 2017ರಲ್ಲಿ ತೀರಿಕೊಂಡಳು. ಅದಕ್ಕಾಗಿ ದುಡ್ಡು ಪಡೆದಿದ್ದೆ ಅಂತ ಅವಳೇ ಹೇಳಿದ್ದು 2020ರ ಇನ್ನೊಂದು ಚಿತ್ರದಲ್ಲಿ ಹೊರಬಂತು. ಎರಡೂ ಕಡೆಯವರಿಗೆ ಜೇನ್ ರೋ ಬೇಕಿದ್ದಳು, ನಾರ್ಮಾ ಯಾರಿಗೂ ಬೇಕಿರಲಿಲ್ಲ ಅನ್ನಿಸಿತು.

ಚಿತ್ರದಲ್ಲಿ ಪಾಲ್ ಹಿಲ್ ಇದ್ದಾನೆ. 1994ರಲ್ಲಿ ಪೆನ್ಸಕೋಲಾದಲ್ಲಿ ಡಾ. ಜಾನ್ ಬ್ರಿಟನ್‌ರನ್ನು ಗುಂಡಿಟ್ಟು ಕೊಂದವನು. ಇವನನ್ನು ತಳ್ಳಿಹಾಕುವುದು ಸುಲಭ. ಆದರೆ ಗರ್ಭಪಾತ ವಿರೋಧಿಸುವ ನ್ಯಾಟ್ ಹೆಂಟಾಫ್ ನಾಸ್ತಿಕ, ನಾಗರಿಕ ಹಕ್ಕುಗಳ ಪರ ಬರೆದ ಪತ್ರಕರ್ತ. "ಧರ್ಮಾಂಧ" ಅಂತ ಬೈದು ಮುಗಿಸುವ ಹಾಗಿಲ್ಲ. ಟ್ರೇಯಲ್ಲಿ ಪುಟ್ಟ ಕೈಕಾಲು ತೋರಿಸುವ ದೃಶ್ಯದಿಂದ ನಾನು ಕಣ್ಣು ತಿರುಗಿಸಿದೆ. ವಕೀಲ ಡರ್ಶೋವಿಟ್ಜ್ ಒಂದು ಹಳೇ ಕತೆ ಹೇಳ್ತಾರೆ. ಜಗಳವಾಡಿ ಬಂದ ಗಂಡ ಹೆಂಡತಿಗೆ ರಬ್ಬಿ, ನಿನ್ನದೂ ಸರಿ, ನಿನ್ನದೂ ಸರಿ ಅಂತಾನೆ. ಇಬ್ಬರದ್ದೂ ಹೇಗೆ ಸರಿಯಾಗುತ್ತೆ ಅಂತ ಕೇಳಿದವನಿಗೆ, ನೀನು ಹೇಳೋದೂ ಸರಿ!

ಹಾಗಂತ ನಾನು ಪಕ್ಷ ಬದಲಿಸಿದೆನಾ? ಇಲ್ಲ. ನನಗೆ ನೆನಪಾಗಿದ್ದು ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್. 2012ರಲ್ಲಿ ಐರ್ಲೆಂಡಿನಲ್ಲಿ, ಉಳಿಯದು ಅಂತ ಗೊತ್ತಿದ್ದ ಗರ್ಭವನ್ನು ತೆಗೆಯಿರಿ ಅಂದರೂ, ಭ್ರೂಣದ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ನಂಜೇರಿ ಹೋಗಿಬಿಟ್ಟರು. 2018ರಲ್ಲಿ ಐರ್ಲೆಂಡಿನ ಜನ ಓಟು ಹಾಕಿ ಆ ನಿಷೇಧ ತೆಗೆದರು. ಇತ್ತ 2022ರಲ್ಲಿ ಅಮೆರಿಕದ ಕೋರ್ಟು ರೋ ತೀರ್ಪನ್ನೇ ರದ್ದು ಮಾಡಿತು.

ಅಭಿಪ್ರಾಯ ಅದೇ ಇದೆ. "ಅಷ್ಟೇ" ಅನ್ನೋ ಪದ ಮಾತ್ರ ಬಿಟ್ಟಿದ್ದೇನೆ. ನಿಮಗೇನನ್ನಿಸುತ್ತೆ?