ಒಂದೇ ಕ್ಲಾಸು, ಹಲವು ವೇಗ

1953ರ ನವೆಂಬರ್ 11. ಅಮೆರಿಕದ ಕೇಂಬ್ರಿಜ್ ಊರಿನ ಒಂದು ಶಾಲೆ. ಮಗಳ ನಾಲ್ಕನೇ ತರಗತಿಯ ಲೆಕ್ಕದ ಪಾಠ ನೋಡಲು ಅಪ್ಪ ಬಂದಿದ್ದರು. ಬೇರೆ ಯಾರೂ ಅಲ್ಲ, ಬಿ.ಎಡ್. ಪರೀಕ್ಷೆಗೆಂದು ನಾವೆಲ್ಲ ಉರು ಹೊಡೆದ ಬಿ.ಎಫ್. ಸ್ಕಿನ್ನರ್! ಅವರು ಕಂಡದ್ದು ನಾವು ದಿನವೂ ಕಾಣುವುದೇ. ಲೆಕ್ಕ ಬರಲಿ ಬಾರದಿರಲಿ, ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕು. ಮಾಡಿದ್ದು ಸರಿಯೋ ತಪ್ಪೋ ತಿಳಿಯಲು ಮರುದಿನದವರೆಗೆ ಕಾಯಬೇಕು.

ಕೆಲವೇ ದಿನಗಳಲ್ಲಿ ಅವರೊಂದು ಯಂತ್ರ ಮಾಡಿದರು. 1954ರ ಮಾರ್ಚಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದನ್ನು ತೋರಿಸಿದರು. ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಲೆಕ್ಕ ಕಾಣುತ್ತದೆ. ಮಗು ಅಂಕಿ ಜರುಗಿಸಿ ಉತ್ತರ ಹೊಂದಿಸಿ ತಿರುಗಣೆ ತಿರುಗಿಸಬೇಕು. ಉತ್ತರ ಸರಿಯಾದರೆ ಮಾತ್ರ ಮುಂದಿನ ಲೆಕ್ಕ. ಇಂಥದ್ದನ್ನೇ 1920ರ ದಶಕದಲ್ಲಿ ಓಹಾಯೋದ ಸಿಡ್ನಿ ಪ್ರೆಸ್ಸಿ ಮಾಡಿದ್ದರು, ಯಾರೂ ಹೆಚ್ಚು ಕೇಳಲಿಲ್ಲ ಪಾಪ. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ 'ಪ್ಲೇಟೊ' ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿತು.

ಈಗ ನಮ್ಮ ಕಾಸರಗೋಡಿಗೆ ಬನ್ನಿ. ಕೇರಳದಲ್ಲಿ ಐಟಿ@ಸ್ಕೂಲ್ ಶುರುವಾದದ್ದು 2001ರಲ್ಲಿ. 2018ರಿಂದ ಹೈಟೆಕ್ ಯೋಜನೆಯಲ್ಲಿ 45,000 ಕ್ಲಾಸುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಸಂತೋಷವೇ. ಆದರೆ ತಮಾಷೆ ನೋಡಿ: ಪ್ರೊಜೆಕ್ಟರ್ ಎಂದರೆ ಒಂದು ಪರದೆ, ಎಲ್ಲರಿಗೂ ಒಂದೇ ವೇಗ. ಸ್ಕಿನ್ನರ್ ಬೇಸರಪಟ್ಟ ಕ್ಲಾಸೇ ಬಣ್ಣದಲ್ಲಿ ಮರಳಿತು! ಸಿಕ್ಕಿದ ವಿಡಿಯೋ ಮಲಯಾಳದಲ್ಲಿದ್ದರೆ ಮುಗಿಯಿತು, ನನ್ನ ಹಿಂದಿನ ಬೆಂಚಿನವರು ಎರಡು ಸಲ ಹಿಂದೆ ಬೀಳುತ್ತಾರೆ: ಒಮ್ಮೆ ಲೆಕ್ಕದಲ್ಲಿ, ಒಮ್ಮೆ ಭಾಷೆಯಲ್ಲಿ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಲ್ಯಾಬಿನ ಜಿಯೋಜಿಬ್ರಾ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ ಈ ತಂತ್ರಾಂಶದಲ್ಲಿ ತ್ರಿಕೋನದ ಮೂಲೆ ಹಿಡಿದು ಎಳೆದರೆ ಕೋನಗಳ ಅಳತೆ ಕಣ್ಣೆದುರೇ ಬದಲಾಗುತ್ತದೆ. ಅದಕ್ಕೆ ಮಲಯಾಳವೂ ಬೇಡ, ಇಂಗ್ಲಿಷೂ ಬೇಡ. ಚುರುಕಾದವರಿಗೆ 'ಚತುರ್ಭುಜಕ್ಕೆ ಹೇಗೆ?' ಎಂದು ಕೇಳಿ ಬಿಡುತ್ತೇನೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ತ್ರಿಕೋನ ಬಿಟ್ಟು ಕದಲಲೇ ಇಲ್ಲ. ಎಳೆದ, ಮತ್ತೆ ಎಳೆದ. ಪಿರಿಯಡ್ ಮುಗಿಯುವ ಹೊತ್ತಿಗೆ ಕೇಳಿದ: "ಟೀಚರೇ, ಎಷ್ಟು ಎಳೆದ್ರೂ ಒಟ್ಟು 180 ಡಿಗ್ರಿಯೇ ಬರ್ತದಲ್ಲಾ, ಇದು ಕೆಟ್ಟು ಹೋಗಿದೆಯಾ?"

ಅಂದು ಬೆಲ್ ಹೊಡೆದರೂ ನಾವಿಬ್ಬರು ಏಳಲಿಲ್ಲ.