ಛೆಟ್ರಿಯ ಗೋಲು, ಉಪ್ಪನ ಲೆಕ್ಕದ ಪುಸ್ತಕ

2020ರಲ್ಲಿ ಆಂಧ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹಾಗಾಗಿ ನಮ್ಮ ಕುಟುಂಬದ ಫ್ಯಾಂಟಸಿ ಫುಟ್ಬಾಲ್ ನಡೆದದ್ದು ಮಡಕಶಿರದ ಉಪ್ಪನ ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ, ಹಣವಿಲ್ಲದೆ.

2023ರ ಮಾರ್ಚ್ 3. ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಪ್ಲೇಆಫ್. ಹೆಚ್ಚುವರಿ ಸಮಯದ ಆಟ, 96ನೇ ನಿಮಿಷ. ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದರು, ಗೋಲಾಯಿತು. ರೆಫರಿ ವಿಸಿಲ್‌ಗೆ ಕಾಯಿರಿ ಎನ್ನದಿದ್ದರೆ ಬೇಗ ಒದೆಯಲು ನಿಯಮದಲ್ಲಿ ಅವಕಾಶವಿದೆ. ಕಾಯಲು ಹೇಳಿದ್ದರೇ ಇಲ್ಲವೇ ಎಂಬುದೇ ಜಗಳ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೋಚ್ ವುಕೊಮಾನೊವಿಚ್ ತಂಡವನ್ನು ಹೊರಗೆ ಕರೆದರು. ಪಂದ್ಯ ಬೆಂಗಳೂರಿಗೆ ಹೋಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನನ್ನ ತಂಡದಲ್ಲಿ ಛೆಟ್ರಿ ಇದ್ದರು. "ಪಂದ್ಯವೇ ಮುಗಿದಿಲ್ಲ, ಅಂಕ ಯಾಕೆ?" ಎಂದ ಕಾಸರಗೋಡಿನ ಮಾಮನ ಮಗ. ಮಾತು ನಿಂತಿತು. ರಂಝಾನ್ ಬಂದರೂ ಫೋನ್ ಇಲ್ಲ.

ಉಪ್ಪ ಪುಸ್ತಕ ತೆರೆದು ನೋಡಿದರು. ಹೆಚ್ಚುವರಿ ಸಮಯದ ಗೋಲಿಗೆ, ಅರ್ಧಕ್ಕೆ ನಿಂತ ಪಂದ್ಯಕ್ಕೆ ನಾವು ನಿಯಮವನ್ನೇ ಬರೆದಿರಲಿಲ್ಲ. "ತೂಗುವ ಮೊದಲು ದರ ಹೇಳಬೇಕು, ಮಗಾ. ನೀವಿಬ್ಬರೂ ಹೇಳಿಲ್ಲ" ಎಂದರು.

ಪೆರ್ನಾಲ್ ದಿನ ನಾನೇ ಫೋನ್ ಮಾಡಿದೆ. ಆ ಅಂಕ ಬಿಟ್ಟೆ. ಮುಂದಿನ ಸೀಸನ್‌ಗೆ ಮೊದಲ ಪುಟದಲ್ಲೇ ನಿಯಮ ಬರೆದೆವು.