ಹೊಡೆದವನನ್ನು ಕೇಳುವುದು: ಕ್ರೈಸ್ತ ಅಹಿಂಸಾಬೋಧೆ, ಈಸೂರು ಮತ್ತು ಕಾಗೋಡು

ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡು ಎಂಬ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಬೋಧೆಯನ್ನು ನಮ್ಮಲ್ಲಿ ಸಹನೆಯ ಪಾಠವೆಂದೇ ಓದುವುದು ರೂಢಿ. ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ಈ ಓದಿಗೆ ಒಗ್ಗುವುದಿಲ್ಲ. ಮಹಾಯಾಜಕನ ವಿಚಾರಣೆಯಲ್ಲಿ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಇನ್ನೊಂದು ಕೆನ್ನೆ ಒಡ್ಡುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಹೊಡೆದದ್ದೇಕೆ ಎಂದು ಕೇಳುತ್ತಾನೆ. ಫಿಲಿಪ್ಪಿಯಲ್ಲಿ ಪೌಲನೂ ಹೀಗೆಯೇ: ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ತಳ್ಳಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳಿಸಲು ಹೇಳಿಕಳಿಸಿದಾಗ, ಅವರೇ ಖುದ್ದಾಗಿ ಬಂದು ಕರೆದೊಯ್ಯಲಿ ಎಂದು ಹಟ ಹಿಡಿಯುತ್ತಾನೆ.

ಅಮೆರಿಕದ ಧರ್ಮಶಾಸ್ತ್ರಜ್ಞ ವಾಲ್ಟರ್ ವಿಂಕ್ ಮತ್ತಾಯನ ಮಾತನ್ನು ಈ ದಿಕ್ಕಿನಲ್ಲೇ ವಿವರಿಸಿದರು. ಬಲಗೈಯಿಂದ ಬಲಗೆನ್ನೆಗೆ ಹೊಡೆಯಬೇಕಾದರೆ ಹಿಂಗೈಯೇ ಬೇಕು; ಅದು ಕೀಳಾಳಿಗೆ ಕೊಡುವ ಏಟು. ಮುಖ ತಿರುಗಿಸಿ ನಿಂತವನನ್ನು ಆ ರೀತಿ ಹೊಡೆಯಲಾಗದು. ವಿವರಣೆ ಜಾಣತನದ್ದು, ತುಸು ಹೆಚ್ಚೇ ಜಾಣತನದ್ದು. ಅದನ್ನು ಒಪ್ಪದಿದ್ದರೂ ಯೋಹಾನನ ಪ್ರಸಂಗವೊಂದೇ ಸಾಕು. ಅನ್ಯಾಯದ ಏಟನ್ನೂ ತಾಳಿಕೊಳ್ಳಿ ಎಂದು ಆಳುಗಳಿಗೆ ಹೇಳುವ ಪೇತ್ರನ ಮೊದಲ ಪತ್ರ ಮಾತ್ರ ಈ ಸಾಲಿಗೆ ಸೇರದೆ ತೊಡಕಾಗಿಯೇ ಉಳಿಯುತ್ತದೆ.

ಟಾಲ್‌ಸ್ಟಾಯ್ 1894ರಲ್ಲಿ ಪ್ರಕಟಿಸಿದ ಕೃತಿಯ ಮೂಲಕ ಮತ್ತಾಯನ ಗಿರಿಪ್ರವಚನದ ಈ ಬೋಧೆ ಗಾಂಧಿಯವರನ್ನು ತಟ್ಟಿತು. ಅವರ ಮೂಲಕ, ಗಿರಿಪ್ರವಚನದ ಹೆಸರನ್ನೂ ಕೇಳದ ಮಲೆನಾಡಿನ ಹಳ್ಳಿಗಳನ್ನು ಮುಟ್ಟಿತು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು ಅಧಿಕಾರಿಗಳನ್ನು ಊರೊಳಗೆ ಬಿಡಲೊಲ್ಲೆನೆಂದಿತು. ಅಲ್ಲಿಯವರೆಗೆ ಅದು ಅಸಹಕಾರವೇ. ಪೊಲೀಸರೊಡನೆ ಬಂದ ಅಮಲ್ದಾರರು ಮತ್ತು ಸಬ್ ಇನ್‌ಸ್ಪೆಕ್ಟರ್ ಘರ್ಷಣೆಯಲ್ಲಿ ಕೊಲೆಯಾದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಈಸೂರಿನ ಧೈರ್ಯವನ್ನು ಕೊಂಡಾಡುವಾಗ ನಾವು ಆ ಎರಡು ಹೆಣಗಳನ್ನು ಬೇಗ ದಾಟಿಬಿಡುತ್ತೇವೆ. ಪ್ರಭುತ್ವಕ್ಕೆ ಅದುವರೆಗೆ ಉತ್ತರ ಹೇಳಬೇಕಾದ ಪ್ರಶ್ನೆಯಿತ್ತು. ಅಂದಿನಿಂದ ನಡೆಸಬೇಕಾದ ಕೊಲೆ ಮೊಕದ್ದಮೆಯಷ್ಟೇ ಉಳಿಯಿತು.

ಒಂಬತ್ತು ವರ್ಷಗಳ ತರುವಾಯ, ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎತ್ತಿದ್ದು ಕೊಳಗದ ಪ್ರಶ್ನೆ. ಗೇಣಿಯ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದ ಒಡೆಯರಿಗೆ ಅವರು ಗೇಣಿ ಕೊಡುವುದಿಲ್ಲ ಎನ್ನಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು. ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘಟನೆ ಅವರ ಬೆನ್ನಿಗಿತ್ತು. ಒಡೆಯರು ಬೇಸಾಯ ಬಿಡಿಸಿದ ಗದ್ದೆಗಳಿಗೆ ಗೇಣಿದಾರರು 1951ರಲ್ಲಿ ನೇಗಿಲು ಹೊತ್ತು ತಂಡತಂಡವಾಗಿ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು.

ಅಳತೆ ತಪ್ಪಿದ್ದರೆ ಒಪ್ಪಿಕೊಳ್ಳಿ, ಸರಿಯಿದ್ದರೆ ತೋರಿಸಿ ಎಂಬ ಈ ನಿಲುವು ಯೋಹಾನನ ಪ್ರಸಂಗಕ್ಕೆ ಹತ್ತಿರದ್ದು. ಇದನ್ನು ಕ್ರೈಸ್ತ ಪ್ರಭಾವವೆಂದು ಕರೆಯುವುದು ಅತಿಯಾದೀತು. ಬಿಟ್ಟಿ ಚಾಕರಿಯ ಅನುಭವವಿದ್ದವರಿಗೆ ಈ ವಿವೇಕ ಪುಸ್ತಕದಿಂದಲೇ ಬರಬೇಕಿರಲಿಲ್ಲ.

ಗೆಲುವು ತಡವಾಗಿ, ಬೇರೆ ರೂಪದಲ್ಲಿ ಬಂತು. ಸಾಗರದಿಂದ 1952ರಲ್ಲಿ ಶಾಂತವೇರಿ ಗೋಪಾಲಗೌಡರು, ಸೊರಬದಿಂದ 1967ರಲ್ಲಿ ಎಸ್. ಬಂಗಾರಪ್ಪನವರು ಸಮಾಜವಾದಿಗಳಾಗಿ ಶಾಸನಸಭೆಗೆ ಹೋದರು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ತಿದ್ದುಪಡಿ ಗೇಣಿಯನ್ನೇ ರದ್ದುಮಾಡಿದಾಗ, ಕೊಳಗ ದೊಡ್ಡದೋ ಸಣ್ಣದೋ ಎಂದು ಕೇಳಬೇಕಾದ ಪ್ರಸಂಗವೇ ಇಲ್ಲವಾಯಿತು.